ಇಆರ್‌ಪಿನೆಕ್ಸ್ಟ್: ಫೀಲ್ಡ್ ಕಾಣುತ್ತಿಲ್ಲ, ಬಟನ್ ಬರುತ್ತಿಲ್ಲ. ಬೀಗ ಎಲ್ಲಿದೆ ಅಂತ ಹುಡುಕುವುದು ಹೇಗೆ?

ಬಿಲ್ಲಿಂಗ್‌ನಲ್ಲಿ ಕೂತವರಿಗೆ ಡಿಸ್ಕೌಂಟ್ ಫೀಲ್ಡ್ ಕಾಣುತ್ತಿಲ್ಲ. ಮ್ಯಾನೇಜರ್‌ಗೆ ಅಪ್ರೂವ್ ಬಟನ್ ಬರುತ್ತಿಲ್ಲ. ಗೋಡೌನ್ ನೋಡಿಕೊಳ್ಳುವವರಿಗೆ ಪಟ್ಟಿಯೇ ಖಾಲಿ. ಮಾರಾಟ, ಸ್ಟಾಕ್, ಲೆಕ್ಕ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಇಆರ್‌ಪಿನೆಕ್ಸ್ಟ್ ಸಾಫ್ಟ್‌ವೇರ್‌ನ ಉಸ್ತುವಾರಿ ನೋಡುವವರಿಗೆ ಇಂಥ ಫೋನ್ ಬರುವುದು ಹೊಸದೇನಲ್ಲ. ಎಲ್ಲ ದೂರುಗಳೂ ಕೇಳಲು ಒಂದೇ ಥರ, 'ಪರ್ಮಿಷನ್ ಇಲ್ಲ' ಅಂತ. ಆದರೆ ಒಳಗಿನ ಕಾರಣ ಪ್ರತಿ ಸಲವೂ ಬೇರೆ ಇರಬಹುದು.

ಅವಸರದಲ್ಲಿ ಎಲ್ಲರೂ ಹಿಡಿಯುವ ದಾರಿ ಒಂದೇ: ಆ ಬಳಕೆದಾರರಿಗೆ 'ಸಿಸ್ಟಮ್ ಮ್ಯಾನೇಜರ್' ರೋಲ್ ಕೊಟ್ಟುಬಿಡುವುದು (ರೋಲ್ ಅಂದರೆ ಏನೇನು ಮಾಡಬಹುದು ಅನ್ನುವ ಅನುಮತಿಗಳ ಕಟ್ಟು). ದಯವಿಟ್ಟು ಇದನ್ನು ಮಾಡಬೇಡಿ. ಆ ರೋಲ್ ಇದ್ದವರು ಯಾರ ಪರ್ಮಿಷನ್ ಬೇಕಾದರೂ ಬದಲಿಸಬಹುದು, ತಮಗೆ ತಾವೇ ಬೇರೆ ರೋಲ್ ಹಾಕಿಕೊಳ್ಳಬಹುದು. ಇಷ್ಟೆಲ್ಲ ಕೊಟ್ಟರೂ ತೊಂದರೆ ಬಗೆಹರಿಯದೇ ಇರಬಹುದು. ಯಾಕೆಂದರೆ ಸಿಸ್ಟಮ್ ಮ್ಯಾನೇಜರ್‌ಗೂ ನಿಯಮಗಳು ಅನ್ವಯಿಸುತ್ತವೆ. ಯಾವ ಪರ್ಮಿಷನ್ ನಿಯಮಕ್ಕೂ ಒಳಪಡದ ಲಾಗಿನ್ ಒಂದೇ, ಅದು 'ಅಡ್ಮಿನಿಸ್ಟ್ರೇಟರ್'.

ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನು ನಾಲ್ಕು ಜನ ಹಂಚಿಕೊಂಡು ಕೆಲಸ ಮಾಡುವ ಕಡೆ ಇನ್ನೊಂದು ಕಷ್ಟ ಇದೆ. 2023ರ ಏಪ್ರಿಲ್ 1ರಿಂದ ನಮ್ಮ ದೇಶದ ಕಂಪನಿಗಳು ಬಳಸುವ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ಬದಲಾವಣೆಯೂ ದಾಖಲಾಗಬೇಕು, ಆ ದಾಖಲೆಯನ್ನು ಆಫ್ ಮಾಡುವಂತಿರಬಾರದು ಅನ್ನುವ ನಿಯಮ ಇದೆ. ಎಲ್ಲ ಬದಲಾವಣೆಯ ಮುಂದೆಯೂ 'ಅಡ್ಮಿನಿಸ್ಟ್ರೇಟರ್' ಅಂತಲೇ ಇದ್ದರೆ ಯಾರು ಮಾಡಿದ್ದು ಅಂತ ಆಡಿಟರ್‌ಗೆ ಏನು ಹೇಳುತ್ತೀರಿ?

ಮೊದಲು ಲಕ್ಷಣ ಸರಿಯಾಗಿ ಕೇಳಿಕೊಳ್ಳಿ

ಸೆಟ್ಟಿಂಗ್‌ಗೆ ಕೈ ಹಾಕುವ ಮುಂಚೆ ದೂರು ಕೊಟ್ಟವರ ಸ್ಕ್ರೀನ್ ನೋಡಿ. ನಿಮ್ಮ ಸ್ಕ್ರೀನ್ ನೋಡಿ ಪ್ರಯೋಜನವಿಲ್ಲ. ನೀವು ಅಡ್ಮಿನಿಸ್ಟ್ರೇಟರ್ ಆಗಿ ಲಾಗಿನ್ ಆಗಿದ್ದರೆ ನಿಮಗೆ ಎಲ್ಲವೂ ಕಾಣುತ್ತದೆ, ಎಲ್ಲವೂ ಸೇವ್ ಆಗುತ್ತದೆ. 'ನನಗೆ ಸರಿಯಾಗೇ ಬರ್ತಿದೆಯಲ್ಲ' ಅನ್ನುವ ಮಾತು ಹುಟ್ಟುವುದು ಇಲ್ಲಿಂದಲೇ. ಒಂದು ಪರೀಕ್ಷಾ ಬಳಕೆದಾರರನ್ನು ಮಾಡಿಟ್ಟುಕೊಳ್ಳಿ. ದೂರು ಕೊಟ್ಟವರಿಗೆ ಇರುವ ರೋಲ್‌ಗಳನ್ನೇ ಅದಕ್ಕೂ ಕೊಡಿ, ಬೇರೆ ಬ್ರೌಸರ್‌ನಲ್ಲಿ ಅದರಿಂದ ಲಾಗಿನ್ ಆಗಿ ನೋಡಿ.

ಆಮೇಲೆ ಇದನ್ನು ಕೇಳಿ: ಫೀಲ್ಡ್ ಪೂರ್ತಿ ಕಾಣೆಯಾಗಿದೆಯಾ, ಅಥವಾ ಕಾಣುತ್ತದೆ ಆದರೆ ಬರೆಯಲು ಬಿಡುತ್ತಿಲ್ಲವಾ? ಎಲ್ಲ ಬಿಲ್‌ಗಳಲ್ಲೂ ಹೀಗೇನಾ, ಒಂದೇ ಬಿಲ್‌ನಲ್ಲಾ? ಕೆಂಪು ಸಂದೇಶ ಏನಾದರೂ ಬಂತಾ? ಬಂದಿದ್ದರೆ ಅದರ ಪೂರ್ತಿ ಮಾತು ಬೇಕು, 'ಏನೋ ಎರರ್ ಬಂತು' ಸಾಲದು.

ಈ ಉತ್ತರಗಳೇ ಅರ್ಧ ದಾರಿ ತೋರಿಸುತ್ತವೆ. ಒಂದೇ ಒಂದು ಫೀಲ್ಡ್ ಎಲ್ಲ ಬಿಲ್‌ಗಳಲ್ಲೂ ಕಾಣೆಯಾಗಿದ್ದರೆ ಪರ್ಮ್ ಲೆವೆಲ್ (ಫೀಲ್ಡ್‌ಗೆ ಹಾಕುವ ಅನುಮತಿ ಸಂಖ್ಯೆ) ಮೇಲೆ ಅನುಮಾನ ಪಡಿ. ಇಡೀ ಫಾರ್ಮ್ ಬೀಗ ಹಾಕಿದಂತಿದ್ದು, ಅದು ಒಂದೇ ದಾಖಲೆಯಲ್ಲಿ ಹಾಗಿದ್ದರೆ ವರ್ಕ್‌ಫ್ಲೋ (ಹಂತ ಹಂತವಾಗಿ ಒಪ್ಪಿಗೆ ಪಡೆಯುವ ವ್ಯವಸ್ಥೆ) ಅಥವಾ ಸಬ್ಮಿಟ್ ಆಗಿರುವ, ಅಂದರೆ ಅಂತಿಮಗೊಳಿಸಿದ, ಸ್ಥಿತಿ ಕಾರಣ ಇರಬಹುದು. ಯಾವ ಎರರ್ ಕೂಡ ಇಲ್ಲದೆ ಪಟ್ಟಿ ಖಾಲಿ ಇದ್ದರೆ 'ಯೂಸರ್ ಪರ್ಮಿಷನ್' (ಯಾರಿಗೆ ಯಾವ ದಾಖಲೆ ಕಾಣಬೇಕು ಅನ್ನುವ ಮಿತಿ) ನೋಡಿ. ಬರೆಯಲು ಬಿಡುತ್ತದೆ, ಸೇವ್ ಕೂಡ ಆಗುತ್ತದೆ, ಆದರೆ ಫೀಲ್ಡ್‌ನ ಮೌಲ್ಯ ಮಾತ್ರ ಹಳೆಯದಕ್ಕೇ ಹೋಗುತ್ತದೆ ಅಂದರೆ, ಅದು ಮತ್ತೆ ಪರ್ಮ್ ಲೆವೆಲ್‌ನದೇ ಇನ್ನೊಂದು ಮುಖ.

ಪರ್ಮ್ ಲೆವೆಲ್: ಜಾಸ್ತಿ ಜನ ಎಡವುವ ಜಾಗ

ಪ್ರತಿ ಫೀಲ್ಡ್‌ಗೂ 0ಯಿಂದ 9ರ ತನಕ ಒಂದು ಲೆವೆಲ್ ಇರುತ್ತದೆ. ಸಾಮಾನ್ಯವಾಗಿ ಅದು 0. ಒಂದು ಫೀಲ್ಡನ್ನು ಕೆಲವರಿಗೆ ಮಾತ್ರ ಬಿಡಬೇಕು ಅಂದರೆ 'ಕಸ್ಟಮೈಸ್ ಫಾರ್ಮ್'ಗೆ ಹೋಗಿ ಅದರ ಲೆವೆಲ್ ಏರಿಸಬೇಕು. ಆಮೇಲೆ 'ರೋಲ್ ಪರ್ಮಿಷನ್ಸ್ ಮ್ಯಾನೇಜರ್'ಗೆ ಹೋಗಿ ಆ ಲೆವೆಲ್‌ಗೆ ಯಾವ ರೋಲ್ ಏನು ಮಾಡಬಹುದು ಅಂತ ನಿಯಮ ಸೇರಿಸಬೇಕು. ಎರಡು ಕೆಲಸ, ಎರಡು ಬೇರೆ ಬೇರೆ ಪುಟ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟರೆ ಆ ಫೀಲ್ಡ್ ಎಲ್ಲರಿಗೂ ಮಾಯವಾಗುತ್ತದೆ. ಮ್ಯಾನೇಜರ್‌ಗೂ ಕಾಣುವುದಿಲ್ಲ. ಅಡ್ಮಿನಿಸ್ಟ್ರೇಟರ್‌ಗೆ ಮಾತ್ರ ಕಾಣುತ್ತದೆ, ಹಾಗಾಗಿ ಸೆಟ್ಟಿಂಗ್ ಬದಲಿಸಿದವರಿಗೆ ತಪ್ಪು ಗೊತ್ತೇ ಆಗುವುದಿಲ್ಲ.

ಉದಾಹರಣೆಗೆ ಸೇಲ್ಸ್ ಆರ್ಡರ್‌ನ 'ಅಡಿಷನಲ್ ಡಿಸ್ಕೌಂಟ್ ಪರ್ಸೆಂಟೇಜ್' ತೆಗೆದುಕೊಳ್ಳೋಣ. ಬಿಲ್ಲಿಂಗ್‌ನವರು ನೋಡಬಹುದು, ಬದಲಿಸಬಾರದು. ಮ್ಯಾನೇಜರ್ ಬದಲಿಸಬಹುದು. ಇದಕ್ಕೆ ಫೀಲ್ಡ್ ಲೆವೆಲ್ 5 ಮಾಡಿ. ಸೇಲ್ಸ್ ಯೂಸರ್ ರೋಲ್‌ಗೆ ಲೆವೆಲ್ 5ರಲ್ಲಿ 'ರೀಡ್' ಮಾತ್ರ ಟಿಕ್ ಮಾಡಿ. ಸೇಲ್ಸ್ ಮ್ಯಾನೇಜರ್‌ಗೆ 'ರೀಡ್' ಮತ್ತು 'ರೈಟ್' ಎರಡೂ. ಲೆವೆಲ್ 1 ಬಿಟ್ಟು 5 ಯಾಕೆ ಅಂದರೆ, ಕೆಲವು ಫಾರ್ಮ್‌ಗಳಲ್ಲಿ ಲೆವೆಲ್ 1 ಆಗಲೇ ಬಳಕೆಯಲ್ಲಿ ಇರುತ್ತದೆ. ಅದಕ್ಕೆ ಇರುವ ಹಳೆ ನಿಯಮಗಳು ನಿಮ್ಮ ಫೀಲ್ಡ್‌ಗೂ ಅನ್ವಯಿಸಿಬಿಡುತ್ತವೆ. ಖಾಲಿ ಇರುವ ಲೆವೆಲ್ ಹಿಡಿಯುವುದು ಒಳ್ಳೆಯದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಲೆವೆಲ್ 5 ಕೊಟ್ಟರೆ 1, 2, 3, 4 ತಾನಾಗೇ ಬರುತ್ತವೆ ಅಂತ ಹಲವರು ಅಂದುಕೊಳ್ಳುತ್ತಾರೆ. ಇಲ್ಲ. ಇವು ಮೇಲೆ-ಕೆಳಗೆ ಅನ್ನುವ ಮೆಟ್ಟಿಲುಗಳಲ್ಲ, ಬೇರೆ ಬೇರೆ ಗುಂಪುಗಳು ಅಷ್ಟೇ. ಪ್ರತಿ ಲೆವೆಲ್‌ಗೂ ಪ್ರತ್ಯೇಕ ನಿಯಮ ಬೇಕು. ಅದರ ಜತೆಗೆ, ಯಾವ ರೋಲ್‌ಗೆ ಮೇಲಿನ ಲೆವೆಲ್ ಕೊಡುತ್ತೀರೋ ಅದಕ್ಕೆ ಲೆವೆಲ್ 0ರ ನಿಯಮ ಮೊದಲೇ ಇರಬೇಕು.

ಈಗ 'ಸೇವ್ ಆಗುತ್ತೆ ಆದರೆ ಮೌಲ್ಯ ಹಳೆಯದೇ' ಅನ್ನುವ ದೂರಿಗೆ ಬರೋಣ. ಲೆವೆಲ್ ನಿಯಮವನ್ನು ಬ್ರೌಸರ್ ಮಾತ್ರ ಅಲ್ಲ, ಸರ್ವರ್ ಕೂಡ ಪಾಲಿಸುತ್ತದೆ. 'ರೈಟ್' ಇಲ್ಲದವರು ಡೇಟಾ ಇಂಪೋರ್ಟ್ ಮೂಲಕವೋ ಬೇರೆ ಆಪ್ ಮೂಲಕವೋ ಆ ಫೀಲ್ಡ್‌ಗೆ ಮೌಲ್ಯ ಕಳಿಸಿದರೆ, ಸರ್ವರ್ ಎರರ್ ಕೊಡುವುದಿಲ್ಲ. ಸುಮ್ನೆ ಹಳೆಯ ಮೌಲ್ಯವನ್ನೇ ಮತ್ತೆ ಇಡುತ್ತದೆ. ಹೊಸ ದಾಖಲೆಯಾಗಿದ್ದರೆ ಡೀಫಾಲ್ಟ್ ಮೌಲ್ಯ ಇಡುತ್ತದೆ.

ಇದರ ಪರಿಣಾಮ ಒಂದು ಕಡೆ ಚೆನ್ನಾಗಿ ಕುಟುಕುತ್ತದೆ. ಮ್ಯಾನೇಜರ್ ಕೊಟೇಷನ್‌ನಲ್ಲಿ ಶೇ. 8 ಡಿಸ್ಕೌಂಟ್ ಕೊಟ್ಟಿದ್ದಾರೆ ಅಂದುಕೊಳ್ಳಿ. ಬಿಲ್ಲಿಂಗ್‌ನವರು ಅದೇ ಕೊಟೇಷನ್‌ನಿಂದ ಸೇಲ್ಸ್ ಆರ್ಡರ್ ಮಾಡಿ ಸೇವ್ ಮಾಡುತ್ತಾರೆ. ಸೇಲ್ಸ್ ಆರ್ಡರ್‌ನ ಡಿಸ್ಕೌಂಟ್ ಫೀಲ್ಡ್ ಲೆವೆಲ್ 5, ಅವರಿಗೆ ಅಲ್ಲಿ 'ರೈಟ್' ಇಲ್ಲ. ಹೊಸ ದಾಖಲೆ ಆದ್ದರಿಂದ ಸರ್ವರ್ ಡಿಸ್ಕೌಂಟನ್ನು ತೆಗೆದುಹಾಕುತ್ತದೆ. ಗಿರಾಕಿಗೆ ಹೇಳಿದ ದರ ಒಂದು, ಆರ್ಡರ್‌ನಲ್ಲಿ ಇರುವುದು ಇನ್ನೊಂದು. ಯಾರೂ ತಪ್ಪು ಮಾಡಿಲ್ಲ, ಯಾವ ಎರರ್ ಕೂಡ ಬಂದಿಲ್ಲ. ಲೆವೆಲ್ ಏರಿಸಿದ ದಿನವೇ ಈ ದಾರಿಯನ್ನು ಪರೀಕ್ಷಾ ಲಾಗಿನ್‌ನಿಂದ ಒಮ್ಮೆ ನಡೆಸಿ ನೋಡಿ.

ಇದೇ ಕಾರಣಕ್ಕೆ ಡಿಸ್ಕೌಂಟ್‌ಗೆ ಲೆವೆಲ್ ಹಾಕುವುದು ನನಗೆ ಅಷ್ಟು ಇಷ್ಟವಾಗುವುದಿಲ್ಲ. ಬಿಲ್ಲಿಂಗ್‌ನವರು ಡಿಸ್ಕೌಂಟ್ ಬರೆಯಲಿ. ಇಷ್ಟು ಪರ್ಸೆಂಟ್ ದಾಟಿದರೆ ಮ್ಯಾನೇಜರ್ ಒಪ್ಪಿಗೆ ಬೇಕು ಅಂತ ವರ್ಕ್‌ಫ್ಲೋದಲ್ಲಿ ಷರತ್ತು ಇಡಿ. ಗಿರಾಕಿ ಮುಂದೆ ನಿಂತಿರುವಾಗ 'ನನಗೆ ಆಗಲ್ಲ' ಅನ್ನುವುದಕ್ಕಿಂತ 'ಮ್ಯಾನೇಜರ್ ಒಪ್ಪಿದರೆ ಕೊಡ್ತೀನಿ' ಅನ್ನುವುದು ಕೆಲಸಕ್ಕೂ ಮರ್ಯಾದೆಗೂ ಒಳ್ಳೆಯದು. ಖರೀದಿ ದರ, ಮಾರ್ಜಿನ್, ಸಂಬಳದಂಥ, ಕಣ್ಣಿಗೇ ಬೀಳಬಾರದ ಮಾಹಿತಿಗೆ ಲೆವೆಲ್ ಸರಿಯಾದ ಸಾಧನ.

ಲೆವೆಲ್ಲೇ ಬೇಕು ಅಂದರೆ ಒಂದು ಫೀಲ್ಡ್ ಮುಚ್ಚಿ ಸುಮ್ಮನಾಗಬೇಡಿ. ಸೇಲ್ಸ್ ಆರ್ಡರ್‌ನಲ್ಲಿ ಡಿಸ್ಕೌಂಟ್ ಪರ್ಸೆಂಟೇಜ್ ಪಕ್ಕದಲ್ಲೇ 'ಡಿಸ್ಕೌಂಟ್ ಅಮೌಂಟ್' ಇದೆ. ಐಟಂಗಳ ಕೋಷ್ಟಕದ ಪ್ರತಿ ಸಾಲಿನಲ್ಲಿ ದರ ಮತ್ತು ಡಿಸ್ಕೌಂಟ್ ಬೇರೆ ಇವೆ. ಐಟಂ ಮಾಸ್ಟರ್‌ನಲ್ಲಿ 'ಮ್ಯಾಕ್ಸ್ ಡಿಸ್ಕೌಂಟ್' ಅಂತ ಒಂದು ಫೀಲ್ಡ್ ಇದೆ. ಸಾಲಿನ ಡಿಸ್ಕೌಂಟ್ ಅದನ್ನು ದಾಟಿದರೆ ಸೇವ್ ಮಾಡುವಾಗಲೇ ತಡೆಯುತ್ತದೆ. ಇದು ರೋಲ್ ಲೆಕ್ಕಿಸುವುದಿಲ್ಲ, ಹಾಗಾಗಿ ಮ್ಯಾನೇಜರ್‌ಗೂ ತಡೆ ಬೀಳುತ್ತದೆ. 'ನನಗೆ ಪರ್ಮಿಷನ್ ಇದ್ದರೂ ಬಿಡ್ತಿಲ್ಲ' ಅಂತ ಮ್ಯಾನೇಜರ್ ಹೇಳಿದರೆ ಇಲ್ಲಿ ನೋಡಿ. ಅಂಗಡಿ ಕೌಂಟರ್‌ನ ಪಿಒಎಸ್ ಸ್ಕ್ರೀನ್‌ನದೇ ಬೇರೆ ಲೆಕ್ಕ. ದರ ಮತ್ತು ಡಿಸ್ಕೌಂಟ್ ಬದಲಿಸಲು ಬಿಡಬೇಕಾ ಅನ್ನುವ ಟಿಕ್‌ಗಳು 'ಪಿಒಎಸ್ ಪ್ರೊಫೈಲ್'ನಲ್ಲೇ ಇವೆ.

ಬಟನ್ ಕಾಣೆಯಾದಾಗ

ಸಬ್ಮಿಟ್ ಬಟನ್ ಇಲ್ಲ ಅಂದರೆ ಮೊದಲು ದಾಖಲೆ ಸೇವ್ ಆಗಿದೆಯಾ ನೋಡಿ. ಬದಲಾವಣೆ ಬಾಕಿ ಇದ್ದರೆ ಅಲ್ಲಿ 'ಸೇವ್' ಮಾತ್ರ ಇರುತ್ತದೆ. ಆಮೇಲೆ ರೋಲ್‌ಗೆ 'ಸಬ್ಮಿಟ್' ಟಿಕ್ ಇದೆಯಾ ನೋಡಿ. 'ರೈಟ್' ಇದ್ದರೆ ಸಬ್ಮಿಟ್ ಮಾಡಬಹುದು ಅಂತ ಅಲ್ಲ. ಸಬ್ಮಿಟ್, ಕ್ಯಾನ್ಸಲ್, ಅಮೆಂಡ್ ಇವು ಮೂರಕ್ಕೂ ಬೇರೆ ಬೇರೆ ಟಿಕ್. ಅಮೆಂಡ್ (ತಿದ್ದಿದ ಹೊಸ ಪ್ರತಿ ಮಾಡುವ) ಬಟನ್ ಕ್ಯಾನ್ಸಲ್ ಆದ ದಾಖಲೆಯಲ್ಲಿ ಮಾತ್ರ ಬರುತ್ತದೆ. ಸಬ್ಮಿಟ್ ಆಗಿರುವ ದಾಖಲೆಯನ್ನು ಅಳಿಸಲು ಯಾವ ರೋಲ್‌ಗೂ ಆಗುವುದಿಲ್ಲ, ಮೊದಲು ಕ್ಯಾನ್ಸಲ್ ಮಾಡಬೇಕು. ಸಬ್ಮಿಟ್ ಆದಮೇಲೆ ಫೀಲ್ಡ್ ಬದಲಿಸಲು ಆಗುತ್ತಿಲ್ಲ ಅಂದರೆ ಅದು ದೋಷವಲ್ಲ. 'ಅಲೌ ಆನ್ ಸಬ್ಮಿಟ್' ಟಿಕ್ ಇರುವ ಫೀಲ್ಡ್‌ಗಳು ಮಾತ್ರ ಆಮೇಲೂ ತೆರೆದಿರುತ್ತವೆ.

ಇವೆಲ್ಲ ಸರಿ ಇದ್ದೂ ಸಬ್ಮಿಟ್ ಇಲ್ಲ ಅಂದರೆ, ಆ ಫಾರ್ಮ್‌ಗೆ ಯಾರೋ ವರ್ಕ್‌ಫ್ಲೋ ಚಾಲೂ ಮಾಡಿದ್ದಾರೆ. ವರ್ಕ್‌ಫ್ಲೋ ಬಂದ ಕೂಡಲೇ ಸಬ್ಮಿಟ್ ಬಟನ್ ಹೋಗಿ 'ಆಕ್ಷನ್ಸ್' ಮೆನು ಬರುತ್ತದೆ. 'ನಿನ್ನೆ ತನಕ ಇತ್ತು, ಇವತ್ತು ಇಲ್ಲ' ಅನ್ನುವ ದೂರಿಗೆ ಇದು ಚೆನ್ನಾಗಿ ಹೊಂದುವ ಕಾರಣ.

ವರ್ಕ್‌ಫ್ಲೋ ಒಳಗೆ ಎರಡು ಜಾಗ ನೋಡಬೇಕು. ಪ್ರತಿ ಸ್ಥಿತಿಯ ಮುಂದೆ 'ಓನ್ಲಿ ಅಲೌ ಎಡಿಟ್ ಫಾರ್' ಅಂತ ಒಂದು ರೋಲ್ ಇರುತ್ತದೆ. ಆ ಸ್ಥಿತಿಯಲ್ಲಿ ಆ ರೋಲ್ ಇಲ್ಲದವರಿಗೆ ಇಡೀ ಫಾರ್ಮ್ ಓದಲು ಮಾತ್ರ. ಇಬ್ಬರು ಬೇರೆ ರೋಲ್‌ನವರು ಬದಲಿಸಬೇಕು ಅಂದರೆ ಅದೇ ಸ್ಥಿತಿಯನ್ನು ಎರಡು ಸಾಲಿನಲ್ಲಿ ಹಾಕಿ ಒಂದೊಂದಕ್ಕೆ ಒಂದೊಂದು ರೋಲ್ ಕೊಡಿ. ಇನ್ನೊಂದು ಜಾಗ, ಸ್ಥಿತಿ ಬದಲಾವಣೆಯ ಸಾಲಿನಲ್ಲಿರುವ 'ಅಲೌ ಸೆಲ್ಫ್ ಅಪ್ರೂವಲ್'. ಅದು ಟಿಕ್ ಆಗಿಲ್ಲದಿದ್ದರೆ ದಾಖಲೆ ಮಾಡಿದವರೇ ಅದನ್ನು ಅಪ್ರೂವ್ ಮಾಡುವಂತಿಲ್ಲ. ಮ್ಯಾನೇಜರ್ ಬೇರೆಯವರ ಆರ್ಡರ್ ಎಲ್ಲ ಅಪ್ರೂವ್ ಮಾಡುತ್ತಾರೆ, ತಾವೇ ಮಾಡಿದ್ದಕ್ಕೆ ಮಾತ್ರ ಬಟನ್ ಬರುವುದಿಲ್ಲ. ಇದನ್ನು ಸರಿಪಡಿಸುವ ಮುಂಚೆ ಮಾಲೀಕರನ್ನು ಕೇಳಿ. ಯಾರೋ ಯೋಚಿಸಿಯೇ ಹಾಗೆ ಇಟ್ಟಿರಬಹುದು.

ಪಟ್ಟಿ ಖಾಲಿ, ಎರರ್ ಇಲ್ಲ

ರೋಲ್ ಹೇಳುವುದು 'ಸೇಲ್ಸ್ ಇನ್‌ವಾಯ್ಸ್ ನೋಡಬಹುದು' ಅಂತ. ಯಾವ ಇನ್‌ವಾಯ್ಸ್ ಅಂತ ಹೇಳುವುದು ಯೂಸರ್ ಪರ್ಮಿಷನ್. ಒಬ್ಬರಿಗೆ 'ವೇರ್‌ಹೌಸ್: ಹುಬ್ಬಳ್ಳಿ' ಅಂತ ಯೂಸರ್ ಪರ್ಮಿಷನ್ ಹಾಕಿದರೆ, ವೇರ್‌ಹೌಸ್ ಫೀಲ್ಡ್‌ನಲ್ಲಿ ಹುಬ್ಬಳ್ಳಿ ಇರುವ ದಾಖಲೆಗಳು ಮಾತ್ರ ಅವರಿಗೆ ಸಿಗುತ್ತವೆ. ಉಳಿದವು ಪಟ್ಟಿಯಲ್ಲಿ ಬರುವುದೇ ಇಲ್ಲ. ಲಿಂಕ್ ಹಿಡಿದು ನೇರವಾಗಿ ತೆರೆದರೆ ಮಾತ್ರ ಎರರ್ ಬರುತ್ತದೆ. ಆ ಸಂದೇಶದಲ್ಲಿ 'ಲಿಂಕ್ಡ್ ಟು' ಅಂತ ಇದ್ದು, ಯಾವ ಫೀಲ್ಡ್ ಅಂತಲೂ ಬರೆದಿದ್ದರೆ ಗುಮಾನಿ ಬೇಡ, ಕಾರಣ ಇದೇ.

ಯಾರೂ ಕೈಯಾರೆ ಹಾಕದಿದ್ದರೂ ಈ ಪರ್ಮಿಷನ್ ಹುಟ್ಟುತ್ತದೆ. ಉದ್ಯೋಗಿಯ ದಾಖಲೆಯಲ್ಲಿ ಯೂಸರ್ ಐಡಿ ಸೇರಿಸುವಾಗ 'ಕ್ರಿಯೇಟ್ ಯೂಸರ್ ಪರ್ಮಿಷನ್' ಅನ್ನುವ ಟಿಕ್ ಇರುತ್ತದೆ. ಅದು ಇದ್ದರೆ ಆ ಉದ್ಯೋಗಿ ಮತ್ತು ಅವರ ಕಂಪನಿಗೆ ಯೂಸರ್ ಪರ್ಮಿಷನ್ ತಾನಾಗೇ ಸೃಷ್ಟಿಯಾಗುತ್ತದೆ. ಸಾಮಾನ್ಯ ನೌಕರರಿಗೆ ಇದು ಬೇಕಾದದ್ದೇ, ತಮ್ಮ ರಜೆ ಅರ್ಜಿ ತಾವು ನೋಡಿಕೊಂಡರೆ ಸಾಕು. ಆದರೆ ಎಚ್‌ಆರ್ ನೋಡುವವರಿಗೂ ಅದೇ ಟಿಕ್ ಉಳಿದಿದ್ದರೆ ಅವರಿಗೆ ತಮ್ಮೊಬ್ಬರ ಅರ್ಜಿ ಬಿಟ್ಟು ಬೇರೆ ಯಾರದ್ದೂ ಕಾಣುವುದಿಲ್ಲ. ಎಷ್ಟು ರೋಲ್ ಸೇರಿಸಿದರೂ ಪಟ್ಟಿ ತುಂಬುವುದಿಲ್ಲ. ಟಿಕ್ ತೆಗೆಯಿರಿ, ಯೂಸರ್ ಪರ್ಮಿಷನ್ ಪಟ್ಟಿಯಲ್ಲಿ ಆ ಸಾಲು ಇನ್ನೂ ಇದೆಯಾ ನೋಡಿ ಅಳಿಸಿ. ಕಂಪನಿಯ ಸಾಲನ್ನು ಅಳಿಸುವ ಮುಂಚೆ ಅದು ಬೇರೆ ಕಾರಣಕ್ಕೆ ಬೇಕಾ ಅಂತ ಯೋಚಿಸಿ.

ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ 'ಅಪ್ಲೈ ಸ್ಟ್ರಿಕ್ಟ್ ಯೂಸರ್ ಪರ್ಮಿಷನ್ಸ್' ಅನ್ನುವ ಟಿಕ್ ಇದೆ. ಅದಿಲ್ಲದಾಗ, ವೇರ್‌ಹೌಸ್ ಫೀಲ್ಡ್ ಖಾಲಿ ಇರುವ ದಾಖಲೆಗಳು ಎಲ್ಲರಿಗೂ ಕಾಣುತ್ತವೆ. ಟಿಕ್ ಹಾಕಿದರೆ ಅವೂ ಮರೆಯಾಗುತ್ತವೆ. ಒಂದೇ ದಿನ ಹಲವರಿಂದ 'ಹಳೆ ದಾಖಲೆ ಕಾಣ್ತಿಲ್ಲ' ಅಂತ ದೂರು ಬಂದರೆ ಇದನ್ನು ಮೊದಲು ನೋಡಿ.

ತಾವು ಮಾಡಿದ ದಾಖಲೆ ಮಾತ್ರ ಕಾಣುತ್ತದೆ, ಬೇರೆಯವರದು ಇಲ್ಲ ಅಂದರೆ ಅದು ಯೂಸರ್ ಪರ್ಮಿಷನ್ ಅಲ್ಲ. ರೋಲ್ ನಿಯಮದಲ್ಲಿ 'ಓನ್ಲಿ ಇಫ್ ಕ್ರಿಯೇಟರ್' ಟಿಕ್ ಆಗಿದೆ. ಒಬ್ಬರಿಗೆ ಎರಡು ರೋಲ್ ಇದ್ದು ಒಂದರಲ್ಲಿ ಮಾತ್ರ ಈ ಟಿಕ್ ಇದ್ದರೆ, ಟಿಕ್ ಇಲ್ಲದ ರೋಲ್ ಗೆಲ್ಲುತ್ತದೆ. ರೋಲ್‌ಗಳು ಯಾವಾಗಲೂ ಕೂಡುತ್ತವೆ, ಕಳೆಯುವುದಿಲ್ಲ. ಹಾಗಾಗಿ ಯಾರಿಗಾದರೂ ಏನನ್ನಾದರೂ ತಡೆಯಬೇಕು ಅಂದರೆ ಹೊಸ ರೋಲ್ ಸೇರಿಸಿ ತಡೆಯಲು ಆಗುವುದಿಲ್ಲ. ಇರುವುದನ್ನೇ ತೆಗೆಯಬೇಕು.

ಸರಿಪಡಿಸಿದರೂ ಬದಲಾಗದಿದ್ದರೆ

ಪರ್ಮಿಷನ್ ಮಾಹಿತಿ ಬಳಕೆದಾರರ ಬ್ರೌಸರ್‌ಗೆ ಪುಟ ತೆರೆಯುವಾಗಲೇ ಬಂದಿರುತ್ತದೆ. ಬದಲಿಸಿದ ಮೇಲೆ ಅವರು ರೀಲೋಡ್ ಮಾಡಬೇಕು, ಇನ್ನೂ ಆಗದಿದ್ದರೆ ಲಾಗೌಟ್ ಆಗಿ ಬರಬೇಕು.

ಬಳಕೆದಾರರಿಗೆ ಕೈಯಾರೆ ಕೊಟ್ಟ ರೋಲ್ ಮತ್ತೆ ಮತ್ತೆ ಮಾಯವಾಗುತ್ತಿದ್ದರೆ ಅವರಿಗೆ 'ರೋಲ್ ಪ್ರೊಫೈಲ್' (ರೋಲ್‌ಗಳ ಸಿದ್ಧ ಗುಂಪು) ಹಾಕಲಾಗಿದೆ. ಸೇವ್ ಆದಾಗಲೆಲ್ಲ ಪ್ರೊಫೈಲ್‌ನಲ್ಲಿ ಇರುವ ರೋಲ್‌ಗಳೇ ಕೂರುತ್ತವೆ. ಪ್ರೊಫೈಲ್‌ನಲ್ಲೇ ಬದಲಿಸಿ, ಆದರೆ ಅದೇ ಪ್ರೊಫೈಲ್ ಇರುವ ಬೇರೆಯವರಿಗೂ ಅದು ಹೋಗುತ್ತದೆ ಅನ್ನುವುದು ನೆನಪಿರಲಿ. ಲಾಗಿನ್ ಆಗುತ್ತದೆ ಆದರೆ ಒಳಗಿನ ಕೆಲಸದ ಸ್ಕ್ರೀನ್, ಅಂದರೆ ಡೆಸ್ಕೇ ಬರುವುದಿಲ್ಲ ಅಂದರೆ, ಅವರ ರೋಲ್‌ಗಳಲ್ಲಿ ಒಂದಕ್ಕೂ 'ಡೆಸ್ಕ್ ಆಕ್ಸೆಸ್' ಇಲ್ಲ, ಸಿಸ್ಟಮ್ ಅವರನ್ನು 'ವೆಬ್‌ಸೈಟ್ ಯೂಸರ್' ಅಂತ ಪರಿಗಣಿಸಿದೆ.

ರೋಲ್ ಪರ್ಮಿಷನ್ಸ್ ಮ್ಯಾನೇಜರ್‌ನಲ್ಲಿ ಒಂದು ಫಾರ್ಮ್‌ನ ನಿಯಮವನ್ನು ಒಮ್ಮೆ ಮುಟ್ಟಿದರೆ, ಅಲ್ಲಿಂದ ಆ ಫಾರ್ಮ್‌ಗೆ ನಿಮ್ಮ ನಿಯಮಗಳೇ ಪೂರ್ತಿ ಲೆಕ್ಕಕ್ಕೆ ಬರುತ್ತವೆ. ಮುಂದಿನ ಅಪ್‌ಗ್ರೇಡ್‌ನಲ್ಲಿ ಮೂಲ ನಿಯಮ ಬದಲಾದರೂ ನಿಮಗೆ ತಲುಪುವುದಿಲ್ಲ. ಅದೇ ಪುಟದ 'ರಿಸ್ಟೋರ್ ಒರಿಜಿನಲ್ ಪರ್ಮಿಷನ್ಸ್' ಬಟನ್ ಮೂಲಕ್ಕೆ ಮರಳಿಸುತ್ತದೆ, ಆದರೆ ಆ ಫಾರ್ಮ್‌ಗೆ ನೀವು ಮಾಡಿದ ಎಲ್ಲ ಬದಲಾವಣೆಯನ್ನೂ ಅಳಿಸಿಬಿಡುತ್ತದೆ. ಒತ್ತುವ ಮುಂಚೆ ಈಗಿರುವ ನಿಯಮಗಳ ಸ್ಕ್ರೀನ್‌ಶಾಟ್ ತೆಗೆದಿಡಿ.

ಮರೆ ಮಾಡಿದ್ದೆಲ್ಲ ಬೀಗವಲ್ಲ

ಇದು ಉಲ್ಟಾ ದೋಷ. ದೂರು ಬರುವುದೇ ಇಲ್ಲ, ಅದಕ್ಕೇ ಇದು ಹೆಚ್ಚು ಅಪಾಯ.

ಫೀಲ್ಡನ್ನು ಮರೆ ಮಾಡಲು ಹಲವರು ಕ್ಲೈಂಟ್ ಸ್ಕ್ರಿಪ್ಟ್ (ಬ್ರೌಸರ್‌ನಲ್ಲಿ ಓಡುವ ಸಣ್ಣ ಕೋಡ್) ಬರೆಯುತ್ತಾರೆ, ಅಥವಾ 'ಡಿಪೆಂಡ್ಸ್ ಆನ್' ಷರತ್ತು ಹಾಕುತ್ತಾರೆ. ಕಣ್ಣಿಗೆ ಕಾಣುವುದಿಲ್ಲ ನಿಜ. ಆದರೆ ಆ ಮಾಹಿತಿ ಸರ್ವರ್‌ನಿಂದ ಬ್ರೌಸರ್‌ಗೆ ಬಂದೇ ಇರುತ್ತದೆ, ಗೊತ್ತಿದ್ದವರು ಒಂದು ನಿಮಿಷದಲ್ಲಿ ತೆಗೆದು ನೋಡಬಹುದು. ಪರ್ಮ್ ಲೆವೆಲ್‌ನಲ್ಲಿ ಹಾಗಲ್ಲ, 'ರೀಡ್' ಇಲ್ಲದವರಿಗೆ ಫಾರ್ಮ್ ತೆರೆಯುವಾಗ ಸರ್ವರ್ ಆ ಮೌಲ್ಯವನ್ನು ಕಳಿಸುವುದೇ ಇಲ್ಲ. ಮಾಡ್ಯೂಲ್ ಬ್ಲಾಕ್ ಮಾಡುವುದೂ ಇಂಥದ್ದೇ. ಪಕ್ಕದ ಮೆನುವಿನಿಂದ ಹೋಗುತ್ತದೆ ಅಷ್ಟೇ, ರೋಲ್ ಇದ್ದರೆ ಮೇಲಿನ ಸರ್ಚ್‌ನಲ್ಲಿ ಹುಡುಕಿ ತೆರೆಯಬಹುದು.

ಫಾರ್ಮ್‌ಗೆ ಸರಿಯಾದ ಲೆವೆಲ್ ಹಾಕಿದ ಮೇಲೂ ಒಂದು ಬಾಗಿಲು ಉಳಿಯುತ್ತದೆ, ರಿಪೋರ್ಟ್‌ಗಳು. ಕ್ವೆರಿ ರಿಪೋರ್ಟ್ ಮತ್ತು ಸ್ಕ್ರಿಪ್ಟ್ ರಿಪೋರ್ಟ್‌ಗಳು ಮಾಹಿತಿಯನ್ನು ತಮ್ಮದೇ ರೀತಿಯಲ್ಲಿ ಎತ್ತಿಕೊಳ್ಳುತ್ತವೆ, ಫೀಲ್ಡ್ ಲೆವೆಲ್ ನೋಡುವುದಿಲ್ಲ. ಐಟಂ ಫಾರ್ಮ್‌ನಲ್ಲಿ ವ್ಯಾಲ್ಯುಯೇಷನ್ ರೇಟ್ ಮುಚ್ಚಿದರೂ 'ಸ್ಟಾಕ್ ಬ್ಯಾಲೆನ್ಸ್', 'ಸ್ಟಾಕ್ ಲೆಡ್ಜರ್', 'ಗ್ರಾಸ್ ಪ್ರಾಫಿಟ್' ರಿಪೋರ್ಟ್‌ಗಳಲ್ಲಿ ಖರೀದಿ ಬೆಲೆ ಕಾಣಬಹುದು. ಪರೀಕ್ಷಾ ಲಾಗಿನ್‌ನಿಂದ ಈ ಮೂರನ್ನೂ ತೆರೆದು ನೋಡಿ. ತೆರೆದುಕೊಂಡರೆ 'ರೋಲ್ ಪರ್ಮಿಷನ್ ಫಾರ್ ಪೇಜ್ ಆ್ಯಂಡ್ ರಿಪೋರ್ಟ್' ಅನ್ನುವ ಪುಟಕ್ಕೆ ಹೋಗಿ, ಒಂದೊಂದೇ ರಿಪೋರ್ಟ್ ಆರಿಸಿ, ಬೇಡದ ರೋಲ್ ತೆಗೆಯಿರಿ. ಗೋಡೌನ್‌ನವರಿಗೆ ಸ್ಟಾಕ್ ಎಷ್ಟಿದೆ ಅಂತ ಗೊತ್ತಾಗಲೇಬೇಕು, ಅಲ್ವಾ? ಅವರಿಗೆ ದರದ ಕಾಲಂ ಇಲ್ಲದ, ಪ್ರಮಾಣ ಮಾತ್ರ ತೋರಿಸುವ ಬೇರೆ ರಿಪೋರ್ಟ್ ಮಾಡಿಕೊಟ್ಟು, ಆಮೇಲೆ ಹಳೆಯದನ್ನು ಮುಚ್ಚಿ.